ಹಿಂದಿನ ಖೋಲಿಯ ಟೀವಿ

ನಮ್ಮ ಮನೆಯಲ್ಲಿ ಟೀವಿ ಎರಡಿದ್ದವು, ಕೇಬಲ್ ವೈರು ಒಂದೇ ಇತ್ತು. ಪುಣೆಯ ಹಳೆಯ ಪೇಟೆಯ ಗಲ್ಲಿಯೊಂದರಲ್ಲಿ ಅಜ್ಜ ಕೊಂಡಿದ್ದ ಮನೆ ಅದು. ಮುಂದೆ ಎರಡು ಖೋಲಿ, ನಡುವೆ ಕಟ್ಟಿಗೆಯ ಕಂಬಗಳಿದ್ದ ಪಡಸಾಲೆ, ಹಿಂದೆ ಮತ್ತೆರಡು ಖೋಲಿ, ಅಡಿಗೆಮನೆ. ಒಂದು ಬದಿಗೆ ಉದ್ದಕ್ಕೂ ಕಲ್ಲು ಹಾಸಿದ ಅಂಗಳ, ಅದರ ಮೂಲೆಯಲ್ಲಿ ನಳ. ಗೋಡೆಗಳು ಎಷ್ಟು ದಪ್ಪ ಎಂದರೆ ಕಿಟಕಿಯ ಕಟ್ಟೆಯ ಮೇಲೆ ನಾನು ಕಾಲು ಮಡಚಿ ಕೂತು ಅಭ್ಯಾಸ ಮಾಡುತ್ತಿದ್ದೆ. ನಾನು ಸಣ್ಣವಳಿದ್ದಾಗ ಇಡೀ ಮನೆಗೆ ಒಂದೇ ಒಲೆ. ಬೆಳಿಗ್ಗೆ ದೊಡ್ಡವ್ವ ರೊಟ್ಟಿ ಬಡಿಯುತ್ತಿದ್ದಳು, ನಮ್ಮ ಆಯಿ ಪಲ್ಯ ಮಾಡುತ್ತಿದ್ದಳು, ಅಜ್ಜ ಪಡಸಾಲೆಯಲ್ಲಿ ಕೂತು ಎಲ್ಲರಿಗಿಂತ ಮೊದಲು ಉಣ್ಣುತ್ತಿದ್ದ. ತಾಯಿಗೆ ನಾನು ಆಯಿ ಅನ್ನುತ್ತಿದ್ದೆ, ಗಲ್ಲಿಯ ಮಕ್ಕಳೆಲ್ಲ ಹಾಗೆ ಅನ್ನುತ್ತಿದ್ದರು, ನಾನೂ ಕಲಿತೆ. ಹೊಸ್ತಿಲ ಹೊರಗೆ ನಮ್ಮೆಲ್ಲರದು ಮರಾಠಿ, ಒಳಗೆ ಬಂದರೆ ಕನ್ನಡ. ಅಜ್ಜ ತೀರಿಕೊಂಡ ಮೇಲೆ ಪಡಸಾಲೆಯ ನಡುವೆ ಪ್ಲೈವುಡ್ಡಿನ ಗೋಡೆ ಎದ್ದಿತು. ಮುಂದಿನ ಭಾಗದಲ್ಲಿ ದೊಡ್ಡಪ್ಪ, ದೊಡ್ಡವ್ವ, ಅವರಿಗೆ ಮಕ್ಕಳಿರಲಿಲ್ಲ. ಹಿಂದೆ ಅಪ್ಪ, ಆಯಿ, ನಾನು. ನಾವು ಹೊರಗೆ ಹೋಗಬೇಕೆಂದರೆ ಅಂಗಳದ ಬಾಗಿಲಿನಿಂದ ಹೋಗಬೇಕು, ಅವರ ಕಿಟಕಿಯ ಮುಂದಿನಿಂದಲೇ. ಅಪ್ಪ ಆ ಕಿಟಕಿ ಬಂದಾಗ ಎದುರಿನ ಗೋಡೆಯ ಕಡೆ ಮುಖ ಮಾಡಿ ನಡೆಯುತ್ತಿದ್ದ. ನಾಲ್ಕು ವರ್ಷ ಅವನು ಹಾಗೆ ನಡೆದದ್ದನ್ನು ನಾನು ನೋಡಿದ್ದೇನೆ.

ಜಗಳಕ್ಕೆ ಕಾರಣವಾದದ್ದು ಅಜ್ಜನ ಸಾವು. ಅಪ್ಪ ಸರಕಾರಿ ಕಚೇರಿಯಲ್ಲಿ ಕಾರಕೂನ. ಆ ದಿನ ಕಚೇರಿಯ ಕೆಲಸದ ಮೇಲೆ ನಾಂದೇಡಕ್ಕೆ ಹೋಗಿದ್ದ. ಮಧ್ಯಾಹ್ನ ಅಜ್ಜ ಹೋದ. ಪಕ್ಕದ ಮನೆಯ ಫೋನಿನಿಂದ ಸುದ್ದಿ ಮುಟ್ಟಿಸಿದರು. ಅಪ್ಪ ಸಿಕ್ಕ ಬಸ್ಸು ಹಿಡಿದು ಮರುದಿನ ಬೆಳಿಗ್ಗೆ ಬಂದಾಗ ಅಂಗಳ ತೊಳೆದಾಗಿತ್ತು. ಹಿಂದಿನ ಸಂಜೆಯೇ ದಹನ ಮುಗಿದಿತ್ತು. ಅಪ್ಪ ಕೈಯಲ್ಲಿ ಚೀಲ ಹಿಡಿದುಕೊಂಡೇ ಕೇಳಿದ್ದು ನನಗೆ ನೆನಪಿದೆ.

“ಯಾರು ಹೇಳಿದ್ರು ಅಣ್ಣಾ ಕಾಯೂದು ಬ್ಯಾಡ ಅಂತ?”

“ನಾನಽ ಹೇಳಿದೆ,” ಅಂದರು ದೊಡ್ಡಪ್ಪ.

ಅಷ್ಟೇ. ಹನ್ನೆರಡನೆಯ ದಿನದವರೆಗೆ ಇಬ್ಬರೂ ಮಣೆಗಳ ಒಂದೇ ಸಾಲಿನಲ್ಲಿ ಕೂತು ಕರ್ಮ ಮಾಡಿದರು. ಹದಿಮೂರನೆಯ ದಿನ ಅಪ್ಪ ಬಡಿಗನನ್ನು ಕರೆತಂದ.

ಅಜ್ಜಿಯನ್ನು ಮಾತ್ರ ಪ್ಲೈವುಡ್ಡಿನಿಂದ ಭಾಗ ಮಾಡಲು ಬರುತ್ತಿರಲಿಲ್ಲ. ಅವಳು ಒಂದು ತಿಂಗಳು ಮುಂದೆ, ಒಂದು ತಿಂಗಳು ಹಿಂದೆ ಇರುತ್ತಿದ್ದಳು. ಅಮವಾಸ್ಯೆಯ ಮರುದಿನ ನಾನು ಅವಳ ಕೈ ಹಿಡಿದು ಅಂಗಳ ದಾಟಿಸುತ್ತಿದ್ದೆ, ಅವಳ ಗಂಟು ನನ್ನ ಬಗಲಲ್ಲಿ. ಅವಳ ಕಣ್ಣಿನ ನರ ಸೋತಿದ್ದವು, ಬೆಳಕು ಯಾವುದು ನೆರಳು ಯಾವುದು ಅನ್ನುವಷ್ಟು ತಿಳಿಯುತ್ತಿತ್ತು. ಐವತ್ತು ವರ್ಷ ಪುಣೆಯಲ್ಲಿದ್ದರೂ ಮರಾಠಿ ಅವಳ ಬಾಯಿಗೆ ಹತ್ತಲಿಲ್ಲ. ಕಾಯಿಪಲ್ಯೆ ಮಾರುವ ಭಾಜಿಯವನ ಜೊತೆಗೂ ಬಾಗಲಕೋಟೆಯ ಕನ್ನಡದಲ್ಲೇ ಚೌಕಾಶಿ ಮಾಡಿದವಳು. ಅಜ್ಜ ಇದ್ದಷ್ಟು ದಿನ ಅವಳಿಗೆ ಮಾತಿಗೆ ಕೊರತೆ ಇರಲಿಲ್ಲ. ಅವನು ಹೋದ ಮೇಲೆ ಹಗಲೆಲ್ಲ ಕೂತಲ್ಲೇ ಕೂತಿರುತ್ತಿದ್ದಳು. ಆ ಹೊತ್ತಿಗೆ ಕೇಬಲ್ಲಿನಲ್ಲಿ ಕನ್ನಡದ ಒಂದು ಚಾನೆಲ್ಲು ಬರತೊಡಗಿತು. ಸಂಜೆ ಏಳರಿಂದ ಎಂಟೂವರೆಯವರೆಗೆ ಒಂದರ ಹಿಂದೊಂದು ಮೂರು ಧಾರಾವಾಹಿ. ಅಜ್ಜಿ ಚಿತ್ರ ನೋಡುತ್ತಿರಲಿಲ್ಲ, ಕೇಳುತ್ತಿದ್ದಳು. ಕಿವಿ ಟೀವಿಯ ಕಡೆ, ಮುಖ ಗೋಡೆಯ ಕಡೆ. ಅದರೊಳಗಿನ ಅತ್ತೆ ಸೊಸೆಯರಿಗೆ ಉತ್ತರ ಕೊಡುತ್ತಿದ್ದಳು, ಬೈಯುತ್ತಿದ್ದಳು. “ಹೌದಽ, ಹಂಗ ಅನ್ನು ಆಕಿಗೆ” ಎಂದು ತೊಡೆ ತಟ್ಟುತ್ತಿದ್ದಳು.

ಆದರೆ ಇದೆಲ್ಲ ಮುಂದಿನ ಭಾಗದಲ್ಲಿ ಮಾತ್ರ. ನಮ್ಮ ಗಲ್ಲಿಯ ಕೇಬಲ್‌ನವನು ಎಲ್ಲ ಮರಾಠಿ, ಹಿಂದಿ ಚಾನೆಲ್ಲುಗಳನ್ನು ಮೊದಲು ಹಚ್ಚಿ, ಕೇಳುವವರು ಕಡಿಮೆ ಎಂದು ಕನ್ನಡವನ್ನು ಕಟ್ಟಕಡೆಗೆ ಇಟ್ಟಿದ್ದ. ಉದ್ದನೆಯ ವೈರಿನಲ್ಲಿ ಮೊದಲು ಸೊರಗುವುದು ಆ ಕಟ್ಟಕಡೆಯ ಚಾನೆಲ್ಲುಗಳೇ ಎಂಬುದು ಆಗ ನನಗೆ ಗೊತ್ತಿರಲಿಲ್ಲ. ವೈರು ರಸ್ತೆಯ ಕಂಬದಿಂದ ದೊಡ್ಡಪ್ಪನ ಖೋಲಿಗೆ ಇಳಿದು, ಅಲ್ಲಿ ಎರಡು ಕವಲಾಗಿ, ಒಂದು ಅವರ ಟೀವಿಗೆ ಹೋಗಿ, ಇನ್ನೊಂದು ಪ್ಲೈವುಡ್ಡಿನ ತೂತಿನಿಂದ ನಮ್ಮ ಕಡೆ ಬಂದು, ಹೆಂಚಿನ ಮೇಲೆ ಹಾದು ನಮ್ಮ ಟೀವಿಗೆ ಇಳಿಯುತ್ತಿತ್ತು. ಮರಾಠಿ ಸುದ್ದಿ ನಮ್ಮಲ್ಲಿ ಹೇಗೋ ಕಾಣುತ್ತಿತ್ತು. ಕನ್ನಡ ಹಚ್ಚಿದರೆ ಪರದೆಯ ತುಂಬ ಇರುವೆ ಹರಿದಾಡಿದ ಹಾಗೆ, ದನಿ ಇರಬೇಕಾದಲ್ಲಿ ಬಾಣಲೆಯಲ್ಲಿ ಒಗ್ಗರಣೆ ಹಾಕಿದ ಸಪ್ಪಳ. ಅಜ್ಜಿ ನಮ್ಮಲ್ಲಿದ್ದ ತಿಂಗಳು ಟೀವಿಗೆ ಒಂದು ಗೇಣು ದೂರದಲ್ಲಿ ಕುರ್ಚಿ ಹಾಕಿಕೊಂಡು, ಆ ಸಪ್ಪಳದಲ್ಲಿ ಒಂದೊಂದು ಶಬ್ದ ಆರಿಸುತ್ತಿದ್ದಳು. ಅರ್ಧ ತಾಸಿಗೆ ದಣಿದು, “ಬಂದ್ ಮಾಡವಾ, ತಲಿ ನೋಯ್ತದ” ಅನ್ನುತ್ತಿದ್ದಳು.

ಅಪ್ಪನಿಗೆ ಇದು ಮಾನದ ಪ್ರಶ್ನೆಯಾಯಿತು. ಹಿತ್ತಲ ಕಡೆಯ ಗಲ್ಲಿಯ ಕೇಬಲ್‌ನವನನ್ನು ಕೇಳಿದ. ಇದು ನನ್ನ ಹದ್ದು ಅಲ್ಲ ಎಂದು ಅವನು ಕೈ ಮುಗಿದ. ಬೂಸ್ಟರ್ ತಂದು ಹಚ್ಚಿದ. ಅದು ದನಿಯನ್ನೂ ಸಪ್ಪಳವನ್ನೂ ಕೂಡಿಯೇ ದೊಡ್ಡದು ಮಾಡಿತು, ಸಣ್ಣ ಇರುವೆ ಹೋಗಿ ದಪ್ಪ ಕರಿ ಗೊದ್ದ ಬಂದಂತಾಯಿತು. ರವಿವಾರ ಬಂದರೆ ಹೆಂಚಿನ ಮೇಲೆ ಹತ್ತಿ, ತೂತಿನಿಂದ ನಮ್ಮ ಟೀವಿಯವರೆಗಿನ ವೈರನ್ನು ಒಂದೊಂದು ಮೊಳ ತಡವುತ್ತ ಬರುತ್ತಿದ್ದ. ಆಯಿ ಅಂಗಳದಲ್ಲಿ, ನಾನು ಟೀವಿಯ ಮುಂದೆ.

“ಬಂತೇನ?” ಅಪ್ಪ ಮೇಲಿಂದ.

“ಬಂತೇನ?” ಆಯಿ ಅಂಗಳದಿಂದ.

“ಇಲ್ಲ!”

“ಇಲ್ಲಂತ್ರಿ!”

ಕೊನೆಗೆ ನಮ್ಮ ಗಲ್ಲಿಯ ಕೇಬಲ್‌ನವ, ಸಂತೋಷ ಎಂಬವನು, ಒಂದು ದಿನ ನಮ್ಮ ಕಡೆಯ ವೈರನ್ನೆಲ್ಲ ಬದಲಿಸಿ, ಆದರೂ ಬರದಿದ್ದಾಗ ಪ್ಲೈವುಡ್ಡಿನ ಕಡೆ ಬೆರಳು ಮಾಡಿದ. “ಜಾಯಿಂಟ್ ಖರಾಬ್ ಆಹೆ, ಕಾಕಾ. ಪಲೀಕಡೆ.” ಕೆಟ್ಟದ್ದು ಜೋಡಣೆ, ಅದು ಆ ಕಡೆಯದು. ಆ ಖೋಲಿಗೆ ಹೋಗಿ ಬಿಚ್ಚಿ ನೋಡಲೇ ಎಂದು ಕೇಳಿದ.

“ಆ ಕಡೆ ಯಾರಿಗೂ ಏನೂ ಕೇಳೂದು ಬ್ಯಾಡ,” ಎಂದ ಅಪ್ಪ, ಮರಾಠಿಯವನಿಗೆ ಕನ್ನಡದಲ್ಲಿ. ಸಂತೋಷ ನನ್ನ ಮುಖ ನೋಡಿದ. ನಾನು ಅರ್ಥ ಹೇಳಲಿಲ್ಲ, ಅವನಿಗೆ ಹೇಳದೆಯೇ ತಿಳಿದಿತ್ತು. ಮನೆಯ ಜಗಳದಲ್ಲಿ ಬೀಳಲು ಅವನಿಗೂ ಮನಸ್ಸಿರಲಿಲ್ಲ. ಹೋಗುವಾಗ ನಾನು ಬೇಡಿದ್ದಕ್ಕೆ ಎರಡು ಹೊಸ ಪಿನ್ನು, ವೈರನ್ನು ಕವಲು ಮಾಡುವ ಒಂದು ಹೊಸ ಸ್ಪ್ಲಿಟರ್ ಡಬ್ಬಿ ಕೊಟ್ಟು ಹೋದ. ವೈರಿನ ತೊಗಟೆ ಹೇಗೆ ಸುಲಿಯಬೇಕು, ಒಳಗಿನ ತಂತಿಯ ಜಾಳಿಗೆ ಹೇಗೆ ಹಿಂದಕ್ಕೆ ಮಡಚಬೇಕು, ನಡುವಿನ ತಾಮ್ರಕ್ಕೆ ಅದು ಯಾಕೆ ತಾಗಬಾರದು ಎಂಬುದನ್ನು ನಾನು ಅವನ ಕೈ ನೋಡಿ ನೋಡಿ ಕಲಿತಿದ್ದೆ. ಈಗ ಧನಕವಡಿಯ ಕಾಲೇಜೊಂದರ ಪ್ರಯೋಗಶಾಲೆಯಲ್ಲಿ ಹುಡುಗರಿಗೆ ಅದನ್ನೇ ಕಲಿಸುತ್ತೇನೆ.

ಆ ವರ್ಷದ ದೀಪಾವಳಿ ಕಳೆದ ತಿಂಗಳು ಅಜ್ಜಿ ಮುಂದಿನ ಭಾಗದಲ್ಲಿದ್ದಳು. ಅಮವಾಸ್ಯೆಯ ಮರುದಿನ ಕರೆದುಕೊಂಡು ಬರಲು ಹೋದರೆ ಅವಳು ಗಂಟು ಕಟ್ಟಿರಲಿಲ್ಲ. “ಇನ್ನೊಂದು ಎಂಟು ದಿನಾ ಇಲ್ಲೇ ಇರ್ತೀನಿ ವಿಜೂ. ಆ ಹುಡುಗಿ ಲಗ್ನ ಮುಗೀಲಿ,” ಎಂದಳು. ಆ ಹುಡುಗಿ ಧಾರಾವಾಹಿಯವಳು. ಎಂಟು ದಿನ ಹೋಗಿ ಹದಿನೈದಾಯಿತು. ಅಪ್ಪ ಸಂಜೆ ಊಟಕ್ಕೆ ಕೂತಾಗ ಪ್ಲೈವುಡ್ಡಿನ ಆಚೆಯಿಂದ ಅಜ್ಜಿ ನಗುವುದು ಕೇಳುತ್ತಿತ್ತು. ಒಂದು ದಿನ ಅವನು ತುತ್ತು ಕೈಯಲ್ಲಿ ಹಿಡಿದೇ ಹೇಳಿದ:

“ಅಪ್ಪನ ಮುಖಾನೂ ಅವನಽ ಇಟಗೊಂಡ. ಈಗ ಅವ್ವನೂ ಅಂವಗ ಬೇಕು.”

ಆಯಿ ಅವನ ತಾಟಿಗೆ ಅನ್ನ ಹಾಕಿದಳು. ಅವನು ಉಣ್ಣಲಿಲ್ಲ. ನನಗೆ ಆಗ ಹದಿಮೂರು ವರ್ಷ. ಅಪ್ಪ ಅತ್ತಿದ್ದನ್ನು ನಾನು ನೋಡಿರಲಿಲ್ಲ, ಅವತ್ತೂ ನೋಡಲಿಲ್ಲ, ಆದರೆ ಆ ತಾಟಿನ ಮುಂದೆ ಅವನು ಕೂತ ರೀತಿ ಅದಕ್ಕಿಂತ ಕೆಟ್ಟದ್ದಾಗಿತ್ತು.

ಅಂತೂ ಅಜ್ಜಿ ಹಿಂದಕ್ಕೆ ಬಂದಳು. ಬಂದ ಮೂರನೆಯ ದಿನ ಶನಿವಾರ, ನನಗೆ ಶಾಲೆ ಅರ್ಧ ದಿನ. ಅಪ್ಪ ಕಚೇರಿಯಲ್ಲಿ, ಆಯಿ ನಿಗಡಿಯಲ್ಲಿದ್ದ ತನ್ನ ತಂಗಿಯ ಮನೆಗೆ ಹೋಗಿದ್ದಳು. ಅಜ್ಜಿಗೆ ಊಟ ಹಾಕಿ, ಅವಳು ಅಡ್ಡಾದ ಮೇಲೆ, ಅಡಿಗೆಮನೆಯ ಚಾಕು, ಪಿನ್ನು, ಡಬ್ಬಿ ತೆಗೆದುಕೊಂಡು ಅಂಗಳ ದಾಟಿ ದೊಡ್ಡಪ್ಪನ ಬಾಗಿಲು ಬಡಿದೆ. ಅಜ್ಜಿಯನ್ನು ಬಿಡಲು, ಕರೆತರಲು ಎಷ್ಟೋ ಸಲ ಹೋಗಿದ್ದೆ. ಹೊಸ್ತಿಲು ದಾಟಿ ಒಳಗೆ ಕೂತಿದ್ದಿಲ್ಲ. ದೊಡ್ಡಪ್ಪ ಬಾಗಿಲು ತೆಗೆದು, ನನ್ನ ಕೈಯಲ್ಲಿದ್ದ ಚಾಕು ನೋಡಿ ಹಿಂದೆ ಸರಿದರು.

“ಜಾಯಿಂಟ್ ಕೆಟ್ಟದಂತ ದೊಡ್ಡಪ್ಪಾ. ಅಜ್ಜಿಗೆ ಕೇಳಸೂದಿಲ್ಲ.”

“ನಿಮ್ಮಪ್ಪಗ ಗೊತ್ತದ ಏನು?”

“ಇಲ್ಲ.”

ಅವರು ಅಂಗಳದ ಕಡೆ ಒಮ್ಮೆ ನೋಡಿದರು. ಆಮೇಲೆ ಒಳಗೆ ನಡೆದು ಅಜ್ಜನ ಕಟ್ಟಿಗೆಯ ಕಪಾಟಿನ ಮುಂದೆ ನಿಂತು, “ಇದರ ಹಿಂದ ಅದ,” ಎಂದರು. ಕಪಾಟು ಖಾಲಿ ಮಾಡದೆ ಸರಿಯುವಂತಿರಲಿಲ್ಲ. ದೊಡ್ಡವ್ವ ಬಂದು ಒಂದೊಂದೇ ಸಾಮಾನು ಹೊರಗೆ ತೆಗೆದಳು: ಅಜ್ಜನ ಎರಡು ಧೋತರ, ಕರಿ ಟೊಪ್ಪಿಗೆ, ಹಲ್ಲಿನ ಸೆಟ್ಟಿನ ಡಬ್ಬಿ, ನಾನು ಸಣ್ಣವಳಿದ್ದಾಗ ಕೂತು ಆಡುತ್ತಿದ್ದ ತೂಗುತಕ್ಕಡಿ. ಎಲ್ಲ ಒಗೆದು, ಒರೆಸಿ ಇಟ್ಟಿದ್ದರು. ನಮ್ಮ ಕಡೆ ಅಜ್ಜನದು ಎನ್ನುವ ಒಂದು ಗುಂಡಿಯೂ ಇರಲಿಲ್ಲ. ಆ ಟೊಪ್ಪಿಗೆ ನೋಡಿ ನನಗೆ ಸಿಟ್ಟು ಬಂತು. ಅಪ್ಪನ ಸಿಟ್ಟೇ ನನ್ನ ಬಾಯಿಗೆ ಬಂತು ಅನ್ನಬೇಕು.

“ಎಲ್ಲಾ ನೀವಽ ಇಟಗೊಂಡೀರಿ. ನಮ್ಮಪ್ಪಗ ಅಜ್ಜನ ಮುಖಾ ಸೈತ ತೋರಿಸ್ಲಿಲ್ಲ.”

ದೊಡ್ಡಪ್ಪ ಕಪಾಟಿಗೆ ಹಚ್ಚಿದ ಕೈ ಹಾಗೇ ಇಟ್ಟು ನಿಂತರು. ದೊಡ್ಡವ್ವ ಧೋತರವನ್ನು ಮಂಚದ ಮೇಲೆ ಎಸೆದಳು.

“ಈಗರ ಹೇಳ್ರಿ. ಈ ಕೂಸಿನ ಕಡಿಂದ್ಲೂ ಅನಸ್ಕೋತೀರೇನು?”

“ನೀ ಸುಮ್ನಿರು.”

“ನಾಕ ವರ್ಷ ಸುಮ್ನಿದ್ದೆ. ವಿಜೂ, ಕಾಯೂದು ಬ್ಯಾಡ ಅಂದವರು ಇವರಲ್ಲ. ನಿಮ್ಮಜ್ಜಿ. ಇವರು ಹೊರಗ ಕೂತು, ತಮ್ಮ ಬರೂತನಕಾ ಎತ್ತಬ್ಯಾಡ್ರಿ ಅಂತ ನಾಕ ಮಂದಿಗೆ ಹೇಳಿ ದೇಹಾ ಕೆಡಬಾರ್ದಂತ ಬರಫಾ ತರ್ಲಿಕ್ಕೆ ಹೊಂಟಿದ್ರು. ನಿಮ್ಮಜ್ಜಿ ಒಳಗ ಕರದು, ಇವತ್ತಽ ಮುಗಸು ಅಂದ್ರು.”

“ಸಾಕು,” ಎಂದರು ದೊಡ್ಡಪ್ಪ. ಆಮೇಲೆ ನನ್ನ ಕಡೆ ನೋಡದೆ, ಗೋಡೆಗೆ ಹೇಳಿದ ಹಾಗೆ ಹೇಳಿದರು: “ನಿಮ್ಮಪ್ಪ ನನ್ನ ಮ್ಯಾಲ ಸಿಟ್ಟಾದ್ರ ಅಂವಗ ಅವ್ವ ಉಳೀತಾಳ. ಅವ್ವನ ಮ್ಯಾಲ ಸಿಟ್ಟಾದ್ರ ಯಾರು ಉಳೀತಾರ? ಅದಕ್ಕ ನಾನಽ ಅಂದೆ. ನಡಿ, ಆ ಕಡೆ ಹಿಡಿ.”

ಇಬ್ಬರೂ ಕೂಡಿ ಕಪಾಟು ಸರಿಸಿದೆವು. ಹಿಂದಿನ ಗೋಡೆ ನಳದ ಕಡೆಯದು, ಒಳಗಿನಿಂದ ಒದ್ದೆಯಾಗಿ ಸುಣ್ಣ ಉಬ್ಬಿತ್ತು. ಡಬ್ಬಿ ತುಕ್ಕು ಹಿಡಿದು ಗೋಡೆಗೇ ಅಂಟಿತ್ತು. ನಮ್ಮ ಕಡೆಗೆ ಬರುವ ವೈರಿನ ತುದಿ ಮುಟ್ಟಿದ ಕೂಡಲೇ ಮುರಿದು ಕೈಗೆ ಬಂತು. ಒಳಗಿನ ತಾಮ್ರ ಹಸಿರಾಗಿತ್ತು. ದೊಡ್ಡಪ್ಪ ಬ್ಯಾಟರಿಯ ಬೆಳಕು ಹಿಡಿದರು. ಮೊದಲ ಸಲ ಸುಲಿಯುವಾಗ ಜಾಳಿಗೆ ಕತ್ತರಿಸಿಹೋಯಿತು. ಎರಡನೆಯ ಸಲ ಸರಿಯಾಗಿ ಕೂತಿತು. ಹೊಸ ಡಬ್ಬಿಯನ್ನು ಒದ್ದೆ ತಾಗದ ಹಾಗೆ ಕಪಾಟಿನ ಬೆನ್ನಿಗೇ ಮೊಳೆ ಹೊಡೆದು ಕೂರಿಸಿದರು ದೊಡ್ಡಪ್ಪ. ಹೊರಡುವಾಗ ದೊಡ್ಡವ್ವ ನನ್ನ ಕೈಯಲ್ಲಿ ಬೆಲ್ಲದ ಹರಳೊಂದು ಇಟ್ಟಳು. ಅಂಗಳದಲ್ಲಿ ಅದನ್ನು ತಿನ್ನಲೂ ಆಗದೆ, ಎಸೆಯಲೂ ಆಗದೆ ಹಿಡಿದುಕೊಂಡು ನಿಂತಿದ್ದೆ.

ಒಳಗೆ ಬಂದು ಟೀವಿ ಹಚ್ಚಿದೆ. ಪರದೆ ತಿಳಿಯಾಗಿತ್ತು, ತೊಳೆದ ಹಾಗೆ. ಯಾರೋ ಹೆಂಗಸು ಬದನೆಕಾಯಿ ಎಣಗಾಯಿ ಮಾಡುವುದು ಹೇಗೆಂದು ಹೇಳುತ್ತಿದ್ದಳು. ಅಜ್ಜಿ ಎದ್ದು ಕೂತಳು. “ಅಯ್ಯ, ಇದು ನಮ್ಮನ್ಯಾಗಿಂದಽ ಏನ?” ಎಂದು ಮುಖ ಅರಳಿಸಿ, ದನಿಯ ಕಡೆ ಕೈ ಚಾಚಿದಳು. ಎಷ್ಟು ದಿನದಿಂದ ಆ ಮುಖಕ್ಕಾಗಿ ಅಪ್ಪ ಹೆಂಚು ಹತ್ತಿ ಇಳಿದಿದ್ದನೋ ಅದನ್ನು ನಾನು ಒಬ್ಬಳೇ ನೋಡಿದೆ, ನೋಡಿಯೂ ಸಂತೋಷವಾಗಲಿಲ್ಲ.

“ಅಜ್ಜಿ, ಅವತ್ತ ಅಪ್ಪನ ಸಲುವಾಗಿ ಕಾಯೂದು ಬ್ಯಾಡ ಅಂದಾಕಿ ನೀನಽ ಏನು?”

ಎಣಗಾಯಿಯವಳು ಶೇಂಗಾ ಹುರಿದು, ಪುಡಿ ಮಾಡಿ, ಮಸಾಲೆ ತುಂಬಿ ಮುಗಿಸುವವರೆಗೆ ಅಜ್ಜಿ ಚಾಚಿದ ಕೈಯನ್ನು ಮಡಿಲಿಗೆ ತೆಗೆದುಕೊಂಡು ಕೇಳುತ್ತ ಕೂತಳು.

“ಹೌದು,” ಎಂದಳು. “ನನ್ನ ಕೈಲೆ ಆಗ್ಲಿಲ್ಲ ವಿಜೂ. ಐವತ್ತೆರಡು ವರ್ಷ ಒಬ್ಬರ ಮಗ್ಗಲಾಗ ಇದ್ದು, ಅವರು ತಣ್ಣಗಾಗಿದ್ದನ್ನ ಮುಟಗೋತ ಒಂದು ರಾತ್ರಿ ಕೂಡೂದು... ನಂಗ ಕಣ್ಣಿಲ್ಲ, ಕೈಲೇನಽ ನೋಡಬೇಕು. ಅಂಜಿಕಿ ಬಂತು. ನಿಮ್ಮಪ್ಪ ಬರ್ತಾನ ಅನ್ನೂದು ಗೊತ್ತಿತ್ತು. ಗೊತ್ತಿದ್ದಽ ಅಂದೆ.”

ಆಮೇಲೆ ಕೇಳಿದಳು: “ನಿಮ್ಮಪ್ಪಗ ಹೇಳ್ತೀಯೇನು?”

“ನೀನಽ ಹೇಳು,” ಎಂದೆ.

ಈ ಎರಡು ಶಬ್ದಗಳನ್ನು ಆಡಿದ್ದು ಸರಿಯೇ ತಪ್ಪೇ ಎಂದು ನಾನು ಇವತ್ತಿಗೂ ಹೇಳಲಾರೆ. ಎಂಬತ್ತರ ಹತ್ತಿರ ಬಂದ ಮುದುಕಿ, ಕಣ್ಣಿಲ್ಲ; ಅವಳ ಮುಂದೆ ನಿಂತು ಹದಿಮೂರರ ಹುಡುಗಿ ನ್ಯಾಯ ಹೇಳಿದಳು. ಪ್ರೀತಿಯಿಂದ ಹೇಳಿದೆನೋ, ನನ್ನ ಮೇಲೆ ಬಿದ್ದ ಭಾರವನ್ನು ಇಳಿಸಲು ಹೇಳಿದೆನೋ. ಎರಡೂ ಇದ್ದಿರಬೇಕು.

ಅಪ್ಪ ಸಂಜೆ ಆರೂವರೆಗೆ ಬಂದ. ಅಂಗಳದಲ್ಲೇ ಅವನಿಗೆ ಕನ್ನಡದ ದನಿ ಕೇಳಿರಬೇಕು, ಕಾಲು ತೊಳೆಯದೆ ಒಳಗೆ ಬಂದು ಟೀವಿಯ ಮುಂದೆ ನಿಂತ. ಅವನ ಮುಖದಲ್ಲಿ ಬಂದ ನಗು ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಅದು ಉಳಿದದ್ದು ಬಹಳ ಕಡಿಮೆ ಹೊತ್ತು. ಯಾರು ಮಾಡಿದ್ದು ಎಂದು ಕೇಳಿದ. ನಾನು ಹೇಳಿದೆ. “ಯಾರನ್ನ ಕೇಳಿ ಆ ಮನಿಗೆ ಹೋದಿ?” ಎಂದು ಕೈ ಎತ್ತಿದ. ಆಗ ಅಜ್ಜಿ, “ಆಕಿಗೆ ಬಡೀಬ್ಯಾಡ. ಇಲ್ಲಿ ಕೂಡು,” ಎಂದಳು. ನನಗೆ ದನಿ ಸಣ್ಣ ಮಾಡಲು ಹೇಳಿ, ಮಧ್ಯಾಹ್ನ ನನಗೆ ಹೇಳಿದ್ದನ್ನೇ, ಹೆಚ್ಚು ಕಡಿಮೆ ಅದೇ ಶಬ್ದಗಳಲ್ಲಿ ಹೇಳಿದಳು. ದೊಡ್ಡಪ್ಪ ಅದನ್ನು ಯಾಕೆ ತಮ್ಮ ಮೇಲೆ ಹಾಕಿಕೊಂಡರು ಎಂಬುದನ್ನೂ ಹೇಳಿದಳು. ಕ್ಷಮಿಸು ಅನ್ನಲಿಲ್ಲ. ನಮ್ಮ ಮನೆಯಲ್ಲಿ ಆ ಶಬ್ದದ ರೂಢಿ ಇರಲಿಲ್ಲ.

ಅಪ್ಪ ಎದ್ದು ಅಂಗಳಕ್ಕೆ ಹೋದ. ನಳದ ಹತ್ತಿರ ನಿಂತು ಬಹಳ ಹೊತ್ತು ಕಾಲು ತೊಳೆದ. ಆಮೇಲೆ ಮುಂದಿನ ಬಾಗಿಲಿಗೆ ಹೋಗಿ ನಿಂತ. ಬಾಗಿಲು ತೆರೆದೇ ಇತ್ತು.

“ಬಾ, ಒಳಗ ಬಾ,” ಎನ್ನುವ ದೊಡ್ಡಪ್ಪನ ದನಿ ಕೇಳಿತು.

ಒಳಗೆ ಏನು ಮಾತಾಯಿತು ನನಗೆ ಗೊತ್ತಿಲ್ಲ. ಬಹಳ ಮಾತಾಗಿರಲಿಕ್ಕಿಲ್ಲ, ಪ್ಲೈವುಡ್ಡಿಗೆ ಕಿವಿ ಹಚ್ಚಿದರೂ ಚಹಾದ ಕಪ್ಪು-ಬಸಿಗಳ ಸಪ್ಪಳ ಬಿಟ್ಟು ಏನೂ ಬರಲಿಲ್ಲ. ಅಪ್ಪ ತಿರುಗಿ ಬಂದಾಗ ಅವನ ಕೈಯಲ್ಲಿ ಅಜ್ಜನ ಕರಿ ಟೊಪ್ಪಿಗೆ ಇತ್ತು. ಪ್ಲೈವುಡ್ಡು ಬಹಳ ವರ್ಷ ಹಾಗೇ ಇತ್ತು. ಅಣ್ಣ ತಮ್ಮ ಮಾತಾಡಿದರು, ಹಬ್ಬಕ್ಕೆ ಕೂಡಿ ಉಂಡರು, ಆದರೆ ಒಲೆ ಮತ್ತೆ ಒಂದಾಗಲಿಲ್ಲ. ಅದಕ್ಕೆ ಯಾರೂ ಪ್ರಯತ್ನವನ್ನೂ ಮಾಡಲಿಲ್ಲ.

ದೊಡ್ಡಪ್ಪ ಅಂಜಿದ್ದು ಸುಳ್ಳಾಗಿರಲಿಲ್ಲ. ಅಣ್ಣನ ಮೇಲಿದ್ದ ಸಿಟ್ಟು ಹೋದ ಮೇಲೆ ಅಪ್ಪನಿಗೆ ಅದನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ಒಂಬತ್ತು ದಿನ ಅಜ್ಜಿಯ ಜೊತೆ ಮಾತಾಡಲಿಲ್ಲ. ಅವಳ ಗುಳಿಗೆ ತರುತ್ತಿದ್ದ, ಕೊಡುವುದು ಆಯಿ. ಅವಳ ಕುರ್ಚಿಗೆ ಹೊಸ ಪಟ್ಟಿ ಹೆಣಿಸಿದ, ಹೇಳಲಿಲ್ಲ. ಅಜ್ಜಿ ಸಂಜೆ ಟೀವಿಯ ಮುಂದೆ ಕೂರುತ್ತಿದ್ದಳು, ಆದರೆ ಅದರೊಳಗಿನವರಿಗೆ ಉತ್ತರ ಕೊಡುತ್ತಿರಲಿಲ್ಲ, ತೊಡೆ ತಟ್ಟುತ್ತಿರಲಿಲ್ಲ. ಅಷ್ಟು ತಿಳಿಯಾದ ದನಿ, ಅದನ್ನು ಕೇಳಲು ಅವಳಿಗೆ ಮನಸ್ಸೇ ಉಳಿದಿಲ್ಲವೇನೋ ಅನಿಸುತ್ತಿತ್ತು. ಒಂದು ಸಲ ನಾನು ಅಡಿಗೆಮನೆಯಲ್ಲಿ ಆಯಿಗೆ, ನಾ ಆ ಕಡೆ ಹೋಗಬಾರದಿತ್ತು ಎಂದೆ. ಆಯಿ ಹಿಟ್ಟು ನಾದುತ್ತ, “ಹೋದಿ, ಆತು. ಈಗ ಸೌಟು ಕೊಡು,” ಎಂದಳು.

ಹತ್ತನೆಯ ಸಂಜೆ ಅಪ್ಪ ಚಹಾ ಕುಡಿದು, ವರ್ತಮಾನ ಪತ್ರಿಕೆ ಮಡಚಿಟ್ಟು, ಅಜ್ಜಿಯ ಕುರ್ಚಿಯ ಪಕ್ಕ ನೆಲದ ಮೇಲೆ ಕೂತ. ಧಾರಾವಾಹಿ ನಡೆದಿತ್ತು. ನಾನು ಕಿಟಕಿಯ ಕಟ್ಟೆಯ ಮೇಲೆ ಪುಸ್ತಕ ಹಿಡಿದಿದ್ದೆ, ಓದುತ್ತಿರಲಿಲ್ಲ. ಬಹಳ ಹೊತ್ತು ಅವನು ಪರದೆ ನೋಡಿದ.

“ಹಸಿರು ಸೀರಿ,” ಎಂದ.

“ಏನು?” ಎಂದಳು ಅಜ್ಜಿ.

“ಆ ಹುಡುಗಿ. ಹಸಿರು ಸೀರಿ ಉಟ್ಟಾಳ, ಅವ್ವಾ. ಅಡಗಿಮನ್ಯಾಗ ಒಬ್ಬಾಕಿನಽ ನಿಂತಾಳ. ಅಳ್ಳಿಕ್ಕತ್ತಾಳ.”

“ಅಳೂದು ನಂಗ ಕೇಳಸ್ತದ,” ಎಂದಳು ಅಜ್ಜಿ. ಅವಳ ಕೈ ಕುರ್ಚಿಯಿಂದ ಇಳಿದು, ತಡಕಾಡಿ, ಅಪ್ಪನ ತಲೆಯ ಮೇಲೆ ಬಂದು ನಿಂತಿತು. “ಬಾಗಲದಾಗ ಯಾರರ ಬಂದಾರೇನು ನೋಡು.”

ಅಪ್ಪ ಮುಂದೆ ಬಾಗಿ ನೋಡಿದ.

“ಯಾರೂ ಬಂದಿಲ್ಲ ಇನ್ನಾ.”

“ಬರ್ತಾರ. ನೋಡಕೋತ ಇರು,” ಎಂದಳು. ಅಪ್ಪ ನೋಡುತ್ತ ಕೂತ.